ಹ್ಯಾಮ್ ರೇಡಿಯೊ ತುಂಬುವ ಗದ್ದಲ: ಮೂಲ ಪತ್ತೆ ಮಾಡುವ ಬಗೆ

ರಾತ್ರಿ ಊಟ ಮುಗಿಸಿ 80 ಮೀಟರ್ ಬ್ಯಾಂಡಿಗೆ ರಿಸೀವರ್ ತಿರುಗಿಸುತ್ತೀರಿ. ಯಾರೂ ಮಾತಾಡದ ಜಾಗದಲ್ಲೂ ಎಸ್-ಮೀಟರ್ 9ರಿಂದ ಕೆಳಗಿಳಿಯುವುದಿಲ್ಲ. ಒಂದೇ ಸಮನೆ ಬುರ್ರ್ ಎನ್ನುವ ಸದ್ದು, ಅದರ ಅಡಿಯಲ್ಲಿ ದೂರದ ನಿಲ್ದಾಣಗಳೆಲ್ಲ ಮುಳುಗಿವೆ. ಊರುಕೇರಿಯ ನಡುವೆ ಕುಳಿತು ಕೆಳಗಿನ ಬ್ಯಾಂಡ್‌ಗಳನ್ನು ಕೇಳುವ ಹ್ಯಾಮ್‌ಗಳಿಗೆ ಇದು ದಿನನಿತ್ಯದ ಕಾಟ. ಹೆಚ್ಚಿನವರು ಇಂಥ ಹೊತ್ತಿನಲ್ಲಿ ಹೊಸ ಆಂಟೆನಾ, ಪ್ರೀಆಂಪ್, ಫಿಲ್ಟರ್ ಎಂದು ದುಡ್ಡು ಸುರಿಯುತ್ತಾರೆ. ಸದ್ದು ಎಲ್ಲಿಂದ ಬರುತ್ತಿದೆ ಎಂಬುದು ಗೊತ್ತಾಗುವವರೆಗೆ ಏನನ್ನೂ ಕೊಳ್ಳಬೇಡಿ ಎಂಬುದು ನನ್ನ ಮೊದಲ ಮಾತು. ಬಹುಪಾಲು ಮನೆಗಳಲ್ಲಿ ಮೂಲ ಇರುವುದು ಸ್ವಂತ ಕಾಂಪೌಂಡಿನ ಒಳಗೇ. ಅದನ್ನು ಹಿಡಿಯಲು ಬೇಕಾದದ್ದು ಒಂದು ಟ್ರಾನ್ಸಿಸ್ಟರ್ ರೇಡಿಯೊ, ಒಂದು ನೋಟ್‌ಪುಸ್ತಕ, ಮತ್ತು ಯಾವುದರ ನಂತರ ಯಾವುದನ್ನು ನೋಡಬೇಕು ಎಂಬ ಕ್ರಮ.

ಇಲ್ಲಿ ಕೆಳಗಿನ ಬ್ಯಾಂಡ್ ಎಂದರೆ ನಮ್ಮಲ್ಲಿ ದಿನವೂ ಬಳಕೆಯಲ್ಲಿರುವ 40, 80 ಮೀಟರ್, ಚಳಿಗಾಲದ ರಾತ್ರಿಗಳ 160 ಮೀಟರ್, ಮತ್ತು ಅದಕ್ಕೂ ಕೆಳಗಿನ ಎರಡು ಕಿರಿದಾದ ಪಟ್ಟಿಗಳು: 2007ರ ವಿಶ್ವ ರೇಡಿಯೊ ಸಮ್ಮೇಳನ ಹವ್ಯಾಸಿಗಳಿಗೆ ತೆರೆದ 135.7ರಿಂದ 137.8 ಕಿಲೋಹರ್ಟ್ಜ್ ಮತ್ತು 2012ರದು ತೆರೆದ 472ರಿಂದ 479 ಕಿಲೋಹರ್ಟ್ಜ್. ಮೊದಲನೆಯದರ ತರಂಗಾಂತರ ಸುಮಾರು 2,200 ಮೀಟರ್, ಎರಡನೆಯದರದು 630 ಮೀಟರ್. ಇವುಗಳಲ್ಲಿ ಪ್ರಸಾರ ಮಾಡುವ ಮುನ್ನ ನಿಮ್ಮ ಪರವಾನಗಿ ಏನು ಹೇಳುತ್ತದೆ ಎಂದು ನೋಡಿಕೊಳ್ಳಬೇಕು. ಈ ಲೇಖನ ಕೇಳುವವರ ಕಷ್ಟಕ್ಕೆ ಸಂಬಂಧಿಸಿದ್ದು.

ಎಷ್ಟು ಗದ್ದಲ ಸಹಜ?

ಮನುಷ್ಯನ ಯಂತ್ರಗಳು ಹುಟ್ಟಿಸುವ ರೇಡಿಯೊ ಗದ್ದಲ ಫ್ರೀಕ್ವೆನ್ಸಿ ಏರಿದಂತೆ ಇಳಿಯುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪಿ.372 ಶಿಫಾರಸಿನ ಲೆಕ್ಕದಂತೆ ಫ್ರೀಕ್ವೆನ್ಸಿ ಹತ್ತು ಪಟ್ಟು ಹೆಚ್ಚಿದರೆ ಗದ್ದಲ ಸುಮಾರು 28 ಡೆಸಿಬೆಲ್ ಕಡಿಮೆ. 10 ಮೀಟರ್ ಬ್ಯಾಂಡ್ ನಿಶ್ಶಬ್ದವಾಗಿರುವ ಮನೆಯಲ್ಲೇ 80 ಮೀಟರ್ ಬ್ಯಾಂಡ್ ಗದ್ದಲದಿಂದ ತುಂಬಿರುವುದಕ್ಕೆ ಇದೇ ಕಾರಣ. ಅದೇ ಸೂತ್ರ ಹಿಡಿದು ಸಾಮಾನ್ಯ ಎಸ್‌ಎಸ್‌ಬಿ ಅಗಲಕ್ಕೆ ಲೆಕ್ಕ ಹಾಕಿದರೆ, ವಸತಿ ಬಡಾವಣೆಯಲ್ಲಿ 3.5 ಮೆಗಾಹರ್ಟ್ಜ್ ಹತ್ತಿರ ಎಸ್-7ಕ್ಕಿಂತ ಸ್ವಲ್ಪ ಮೇಲೆ, 7 ಮೆಗಾಹರ್ಟ್ಜ್‌ನಲ್ಲಿ ಎಸ್-6ರ ಆಸುಪಾಸು ಗದ್ದಲ ಇರುವುದೇ ವಾಡಿಕೆ. ಮನೆಗಳಿಲ್ಲದ ತೀರಾ ಒಳನಾಡಿನಲ್ಲಿ 80 ಮೀಟರಿನಲ್ಲೂ ಅದು ಎಸ್-4ಕ್ಕೆ ಇಳಿಯಬಹುದು. ಇವು ಸರಾಸರಿ ಅಂದಾಜುಗಳು, ಎಸ್-ಮೀಟರುಗಳೂ ಒಂದರಂತೆ ಇನ್ನೊಂದು ಇರುವುದಿಲ್ಲ. ಆದರೂ ಈ ಅಳತೆ ತಲೆಯಲ್ಲಿದ್ದರೆ ಬಡಾವಣೆಯ ಮನೆಯಲ್ಲಿ ಎಸ್-7ರ ಹಿಂದೆ ಬಿದ್ದು ವರ್ಷ ಕಳೆಯುವುದಿಲ್ಲ. ಅದು 9ರ ಮೇಲೆ 10 ಡೆಸಿಬೆಲ್ ತೋರಿಸಿದರೆ ಹತ್ತಿರದಲ್ಲೇ ಏನೋ ಒಂದು ನಿರ್ದಿಷ್ಟ ವಸ್ತು ಇದೆ, ಹುಡುಕಿದರೆ ಸಿಗುತ್ತದೆ.

ಇನ್ನೊಂದನ್ನು ಪ್ರಕೃತಿಗೇ ಬಿಟ್ಟುಬಿಡಬೇಕು. ಸಿಡಿಲಿನ ಚಟಪಟ ಕೆಳಗಿನ ಬ್ಯಾಂಡ್‌ಗಳಲ್ಲಿ ರಾತ್ರಿ ಹೊತ್ತು ನೂರಾರು, ಕೆಲವೊಮ್ಮೆ ಸಾವಿರಾರು ಕಿಲೋಮೀಟರ್ ದೂರದಿಂದ ಬಂದು ಸೇರುತ್ತದೆ. ಏಪ್ರಿಲ್-ಮೇ ತಿಂಗಳ ಮುಂಗಾರುಪೂರ್ವ ಮಳೆ, ಅಕ್ಟೋಬರಿನ ಹಿಂಗಾರು ಗುಡುಗು ನಮ್ಮ ಕಡೆ ಇದರ ಹಂಗಾಮು. ಆ ಸದ್ದಿಗೆ ತಾಳವಿಲ್ಲ, ಸಮಯವಿಲ್ಲ. ಮನುಷ್ಯ ಮಾಡಿದ ಗದ್ದಲಕ್ಕೆ ಸಾಮಾನ್ಯವಾಗಿ ಎರಡರಲ್ಲಿ ಒಂದಾದರೂ ಇರುತ್ತದೆ. ಹುಡುಕಾಟಕ್ಕೆ ಡಿಸೆಂಬರಿನಿಂದ ಫೆಬ್ರವರಿವರೆಗಿನ ಒಣ ದಿನಗಳೇ ಲೇಸು, ಅದೂ ಹಗಲಿನಲ್ಲಿ. ಹಗಲು ಆಕಾಶದ ದಾರಿಯಲ್ಲಿ ದೂರದ ಸದ್ದು ಬರುವುದು ಕಡಿಮೆ, ಆದ್ದರಿಂದ ಕೇಳಿಸಿದ್ದೆಲ್ಲ ಬಹುತೇಕ ಸಮೀಪದ್ದೇ.

ಮೊದಲ ಅನುಮಾನ ರಿಸೀವರ್ ಮೇಲೆ

ಆಂಟೆನಾದ ಕೇಬಲ್ ಕಳಚಿ. ಗದ್ದಲ ಪೂರಾ ಬಿದ್ದುಹೋದರೆ ಅದು ಆಂಟೆನಾ ಮೂಲಕ ಬರುತ್ತಿದೆ. ಹಾಗೇ ಉಳಿದರೆ ತಪ್ಪು ಮೇಜಿನ ಮೇಲೆಯೇ ಇದೆ: ರಿಸೀವರಿನ ಪವರ್ ಸಪ್ಲೈ, ಲ್ಯಾಪ್‌ಟಾಪ್ ಚಾರ್ಜರ್, ಯುಎಸ್‌ಬಿ ಕೇಬಲ್. ರಿಸೀವರನ್ನು 12 ವೋಲ್ಟ್ ಬ್ಯಾಟರಿಗೆ ಹಾಕಿ, ಲ್ಯಾಪ್‌ಟಾಪ್ ಚಾರ್ಜರನ್ನು ಗೋಡೆಯಿಂದಲೇ ಕಿತ್ತು ಮತ್ತೊಮ್ಮೆ ಕೇಳಿ. ಮುಂದಿನ ಎಲ್ಲ ಪರೀಕ್ಷೆಗಳಿಗೂ ಈ ಬ್ಯಾಟರಿ ಬೇಕಾಗುತ್ತದೆ, ಒಂದನ್ನು ಸದಾ ತುಂಬಿಸಿಟ್ಟಿರಿ.

ಎರಡನೆಯ ಪರೀಕ್ಷೆಯನ್ನು ಹಲವರು ಬಿಟ್ಟುಬಿಡುತ್ತಾರೆ, ನನಗೆ ಅತಿ ಮುಖ್ಯ ಅನಿಸುವುದು ಅದೇ. ಹೊರಗಿನ ಬಲವಾದ ಪ್ರಸಾರವೊಂದು ರಿಸೀವರಿನ ಮುಂಭಾಗವನ್ನು ತುಳಿದು, ಅಲ್ಲೇ ಇಲ್ಲದ ಸಂಕೇತಗಳನ್ನು ಹುಟ್ಟಿಸಬಲ್ಲದು. ಬೆಂಗಳೂರಿನ ಸುತ್ತಮುತ್ತ ಇದಕ್ಕೆ ಕೈಯಳತೆಯ ಉದಾಹರಣೆ ಆಕಾಶವಾಣಿಯ 612 ಕಿಲೋಹರ್ಟ್ಜ್. ಅದರ ಮೂರು ಪಟ್ಟು 1836, ಅಂದರೆ ಜಗತ್ತಿನ ಅನೇಕ ದೇಶಗಳಲ್ಲಿ 160 ಮೀಟರ್ ಬ್ಯಾಂಡ್ ಎನ್ನುವ 1800-2000ರ ಒಳಗೆ. 1836ರಲ್ಲಿ ಕನ್ನಡ ವಾರ್ತೆ ಕೇಳಿಸಿತು ಎಂದಿಟ್ಟುಕೊಳ್ಳಿ. ಅದು ಹೊರಗೆ ನಿಜವಾಗಿಯೂ ಇದೆಯೋ, ರಿಸೀವರ್ ಒಳಗೆ ಹುಟ್ಟಿತೋ? ಆಂಟೆನಾ ದಾರಿಯಲ್ಲಿ 10 ಡೆಸಿಬೆಲ್ ಅಟೆನ್ಯುಯೇಟರ್ ಸೇರಿಸಿ. ಹೊರಗಿನ ಸಂಕೇತವಾದರೆ ಅದೂ 10 ಡೆಸಿಬೆಲ್ ಮಾತ್ರ ಇಳಿಯುತ್ತದೆ, ಎರಡು ಎಸ್-ಅಂಕಗಳಿಗಿಂತ ತುಸು ಕಡಿಮೆ. ಒಳಗೆ ಹುಟ್ಟಿದ ಮೂರನೇ ಹಾರ್ಮೋನಿಕ್ ಆದರೆ ಮೂರು ಪಟ್ಟು, ಅಂದರೆ 30 ಡೆಸಿಬೆಲ್ ಇಳಿದು ಬಹುತೇಕ ಮಾಯವಾಗುತ್ತದೆ. ಎರಡನೇ ಹಾರ್ಮೋನಿಕ್ 20 ಇಳಿಯುತ್ತದೆ. ಎಷ್ಟು ಇಳಿಯಿತು ಎಂಬುದರಲ್ಲೇ ಉತ್ತರವಿದೆ. ಒಳಗಿನದೆಂದು ಖಾತ್ರಿಯಾದರೆ ಮೀಡಿಯಂ ವೇವ್ ಪಟ್ಟಿಯನ್ನು ತಡೆಯುವ ಫಿಲ್ಟರ್ ಹಾಕಿದರೆ ಮುಗಿಯಿತು. 10 ಡೆಸಿಬೆಲ್ ಮಾತ್ರ ಇಳಿದರೆ ಮನೆಯ ಹೊರಗೆ ಕಣ್ಣಾಡಿಸಿ. ತುಕ್ಕು ಹಿಡಿದ ತಗಡಿನ ಚಾವಣಿ, ಬಟ್ಟೆ ಒಣಹಾಕುವ ತಂತಿಯ ಗಂಟು, ಹಳೆಯ ಟಿವಿ ಆಂಟೆನಾದ ಕ್ಲಾಂಪ್ ಇವೆಲ್ಲ ಬಲವಾದ ಪ್ರಸಾರದ ಹತ್ತಿರ ಡಯೋಡಿನಂತೆ ನಡೆದುಕೊಂಡು ಹಾರ್ಮೋನಿಕ್ ಹುಟ್ಟಿಸುತ್ತವೆ.

ಅಗ್ಗದ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲನ್ನು ಡೈರೆಕ್ಟ್ ಸ್ಯಾಂಪ್ಲಿಂಗ್‌ನಲ್ಲಿ ಬಳಸುವವರಿಗೆ ಇನ್ನೊಂದು ಬಲೆ ಇದೆ. ಅದು ಸೆಕೆಂಡಿಗೆ 2.88 ಕೋಟಿ ಸಲ ಅಳೆಯುತ್ತದೆ, ಹಾಗಾಗಿ 14.4 ಮೆಗಾಹರ್ಟ್ಜ್‌ಗಿಂತ ಮೇಲಿನದೆಲ್ಲ ಮಡಚಿಕೊಂಡು ಕೆಳಗೆ ಬೀಳುತ್ತದೆ. 28.8ರಿಂದ ಕಳೆದು ನೋಡಿದರೆ 21.7 ಮೆಗಾಹರ್ಟ್ಜ್‌ನ ಶಾರ್ಟ್‌ವೇವ್ ಪ್ರಸಾರ 7.1ರಲ್ಲಿ, ಅಂದರೆ 40 ಮೀಟರ್ ಹ್ಯಾಮ್ ಬ್ಯಾಂಡಿನ ನಟ್ಟನಡುವೆ ಕಾಣಿಸುತ್ತದೆ. ಒಂದು ಲೋ-ಪಾಸ್ ಫಿಲ್ಟರ್ ಇದನ್ನು ತಡೆಯುತ್ತದೆ.

ಕರೆಂಟ್ ಹೋದಾಗ ಓಡಿ ರೇಡಿಯೊ ಹಚ್ಚಿ

ನಮ್ಮೂರುಗಳಲ್ಲಿ ಪುಕ್ಕಟೆಯಾಗಿ ಸಿಗುವ ಅತ್ಯುತ್ತಮ ಅಳತೆ ಉಪಕರಣ ವಿದ್ಯುತ್ ಕಡಿತ. ಇಡೀ ಬೀದಿಯ ಕರೆಂಟ್ ಹೋದ ಕ್ಷಣ ಬ್ಯಾಟರಿಯಲ್ಲಿ ರಿಸೀವರ್ ಹಚ್ಚಿ, ಎಂದಿನ ಆಂಟೆನಾದಲ್ಲೇ, ಎಂದಿನ ಫ್ರೀಕ್ವೆನ್ಸಿಯಲ್ಲೇ ಕೇಳಿ. ಗದ್ದಲ ಸತ್ತಿದ್ದರೆ ಅದು ಮೇನ್ಸ್‌ಗೆ ಕಟ್ಟಿಕೊಂಡದ್ದು. ಉಳಿದಿದ್ದರೆ ಬ್ಯಾಟರಿಯಿಂದ ನಡೆಯುವ ಯಾವುದೋ ವಸ್ತು: ನಿಮ್ಮದೋ ಪಕ್ಕದ ಮನೆಯದೋ ಇನ್ವರ್ಟರ್, ಅದರ ಮೇಲೆ ಓಡುತ್ತಿರುವ ವೈಫೈ ರೂಟರ್, ಸೋಲಾರ್ ದೀಪದ ಚಾರ್ಜ್ ಕಂಟ್ರೋಲರ್, ತೋಟದ ಸೋಲಾರ್ ಬೇಲಿ. ಕರೆಂಟ್ ಹೋದ ಮೇಲೆಯೇ ಹೊಸ ಸದ್ದೊಂದು ಹುಟ್ಟಿದರೆ ಇನ್ವರ್ಟರ್ ಎಂದು ಬರೆದಿಟ್ಟುಕೊಳ್ಳಬಹುದು. ಕರೆಂಟ್ ಮರಳಿ ಬರುವ ಗಳಿಗೆಯೂ ಅಷ್ಟೇ ಬೆಲೆಯುಳ್ಳದ್ದು. ಗದ್ದಲ ತಕ್ಷಣ ಬಂತೋ, ಕೆಲವು ಸೆಕೆಂಡು ಬಿಟ್ಟು ಬಂತೋ, ಅಥವಾ ಬೆಚ್ಚಗಾಗುತ್ತ ನಿಧಾನವಾಗಿ ಜಾರಿ ತನ್ನ ಜಾಗಕ್ಕೆ ಬಂದು ನಿಂತಿತೋ ಗಮನಿಸಿ.

ಕಡಿತಕ್ಕೆ ಕಾಯದೆ ನೀವೇ ಮಾಡಬಹುದಾದದ್ದು ಮನೆಯ ಮೇನ್ ಸ್ವಿಚ್ ಆಫ್ ಮಾಡುವುದು. ಇನ್ವರ್ಟರ್ ಇದ್ದರೆ ಅದನ್ನೂ ಕಡ್ಡಾಯವಾಗಿ ಆಫ್ ಮಾಡಬೇಕು. ಇಲ್ಲದಿದ್ದರೆ ಮೇನ್ ತೆಗೆದರೂ ಅರ್ಧ ಮನೆ ಜೀವಂತವಾಗಿಯೇ ಇರುತ್ತದೆ, ಪರೀಕ್ಷೆ ದಾರಿ ತಪ್ಪಿಸುತ್ತದೆ. ಎರಡೂ ಆಫ್ ಆದಾಗ ಗದ್ದಲ ಹೋದರೆ ಸಂತೋಷಪಡಿ, ಏಕೆಂದರೆ ಮೂಲ ನಿಮ್ಮ ಕೈಯಳತೆಯಲ್ಲೇ ಇದೆ. ಆಮೇಲೆ ಒಬ್ಬರು ರಿಸೀವರ್ ಮುಂದೆ ಕೂತು, ಇನ್ನೊಬ್ಬರು ಡಿಬಿ ಬೋರ್ಡಿನ ಎಂಸಿಬಿಗಳನ್ನು ಒಂದೊಂದಾಗಿ ಹಾಕುತ್ತ ಬಂದರೆ ಯಾವ ಕೋಣೆ ಎಂಬುದು ಸಿಗುತ್ತದೆ. ಆ ಕೋಣೆಯಲ್ಲಿ ಒಂದೊಂದೇ ಪ್ಲಗ್ ಕಿತ್ತರೆ ವಸ್ತುವೂ ಸಿಗುತ್ತದೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಬೇಕು. ನಮ್ಮ ವೈರಿಂಗ್‌ನಲ್ಲಿ ಸ್ವಿಚ್ ಕತ್ತರಿಸುವುದು ಒಂದೇ ತಂತಿಯನ್ನು, ಇನ್ನೊಂದು ತಂತಿಯ ದಾರಿಯಲ್ಲಿ ಗದ್ದಲ ಓಡಾಡಲು ಅಡ್ಡಿಯಿಲ್ಲ. ಬಳಕೆಯಲ್ಲಿಲ್ಲದೆ ಗೋಡೆಗೆ ಅಂಟಿಕೊಂಡ ಮೊಬೈಲ್ ಚಾರ್ಜರ್, ಸ್ಟ್ಯಾಂಡ್‌ಬೈನಲ್ಲಿರುವ ಸೆಟ್‌ಟಾಪ್ ಬಾಕ್ಸ್, ಸಿಸಿಟಿವಿಯ ಅಡಾಪ್ಟರ್, ನೀರಿನ ಶುದ್ಧೀಕರಣ ಯಂತ್ರ, ಗೇಟಿನ ಎಲ್‌ಇಡಿ ದೀಪ, ರಿಮೋಟ್ ಇರುವ ಬಿಎಲ್‌ಡಿಸಿ ಫ್ಯಾನು ಇವನ್ನೆಲ್ಲ ಮರೆಯಬೇಡಿ. ಒಂದು ಸಿಕ್ಕಿತೆಂದು ನಿಲ್ಲಿಸಲೂ ಬೇಡಿ. ಜೋರಾದ ಗದ್ದಲ ಅಡಗಿದ ಮೇಲೆಯೇ ಅದರ ಕೆಳಗಿದ್ದ ಎರಡನೆಯದು ಕೇಳಿಸುವುದು.

ಕಿವಿ ಗುರುತಿಸುವುದನ್ನು ಕಲಿಯಲಿ

ಪ್ರತಿ ಬಗೆಯ ಯಂತ್ರಕ್ಕೂ ತನ್ನದೇ ಚಹರೆ ಇದೆ. ಇವತ್ತಿನ ಮನೆಗಳಲ್ಲಿ ಮುಖ್ಯ ಅಪರಾಧಿ ಸ್ವಿಚ್‌ಮೋಡ್ ಪವರ್ ಸಪ್ಲೈ, ಅಂದರೆ ಪ್ರತಿ ಚಾರ್ಜರ್, ಅಡಾಪ್ಟರ್, ಎಲ್‌ಇಡಿ ಡ್ರೈವರ್ ಒಳಗೂ ಸೆಕೆಂಡಿಗೆ ಹತ್ತಾರು ಸಾವಿರ ಸಲ ಕರೆಂಟನ್ನು ಕತ್ತರಿಸುವ ಸರ್ಕ್ಯೂಟ್. ಎಸ್‌ಡಿಆರ್‌ನ ವಾಟರ್‌ಫಾಲ್ ಚಿತ್ರದಲ್ಲಿ ಅದು ಸಮಾನ ಅಂತರದ ಮಸುಕು ಗೆರೆಗಳ ಸಾಲಾಗಿ ಕಾಣುತ್ತದೆ. ಗೆರೆಯಿಂದ ಗೆರೆಗೆ ಇರುವ ಅಂತರವೇ ಆ ಸರ್ಕ್ಯೂಟಿನ ಸ್ವಿಚಿಂಗ್ ಫ್ರೀಕ್ವೆನ್ಸಿ. ಗೆರೆಗಳು ಚೂಪಾಗಿರುವುದಿಲ್ಲ, ಬೆಚ್ಚಗಾದಂತೆ ಜಾರುತ್ತವೆ, ಲೋಡ್ ಬದಲಾದಾಗ ಹಾರುತ್ತವೆ. ಈ ಅಂತರವನ್ನು ಬರೆದಿಟ್ಟುಕೊಂಡರೆ, ಕೋಣೆಯಿಂದ ಕೋಣೆಗೆ ಹೋಗುವಾಗ ನೀವು ಹುಡುಕುತ್ತಿರುವುದು ಇದನ್ನೇ ಎಂದು ಗುರುತಿಸಬಹುದು.

136 ಕಿಲೋಹರ್ಟ್ಜ್‌ನಲ್ಲಿ ಕೇಳುವವರಿಗೆ ಇದರ ಹಿಂದಿನ ಒಂದು ಕಾರಣ ತಿಳಿದಿರಬೇಕು. ಕಂಪ್ಯೂಟರ್, ಟಿವಿ, ಅವುಗಳ ಅಡಾಪ್ಟರುಗಳು ಮೇನ್ಸ್ ತಂತಿಗೆ ಎಷ್ಟು ಗದ್ದಲ ಬಿಡಬಹುದು ಎಂಬ ಅಂತರರಾಷ್ಟ್ರೀಯ ಸಿಐಎಸ್‌ಪಿಆರ್ ಮಿತಿ ಶುರುವಾಗುವುದೇ 150 ಕಿಲೋಹರ್ಟ್ಜ್‌ನಿಂದ. ಆದ್ದರಿಂದ ವಿನ್ಯಾಸಕಾರರು ಸ್ವಿಚಿಂಗನ್ನು 65 ಕಿಲೋಹರ್ಟ್ಜ್ ಸುತ್ತ ಇಡುವುದು ರೂಢಿ. ಮೂಲವೂ ಅದರ ಎರಡು ಪಟ್ಟಾದ 130ರೂ ಎರಡೂ ಮಿತಿಯ ಕೆಳಗೇ ನುಸುಳುತ್ತವೆ, ಫಿಲ್ಟರಿನ ಖರ್ಚು ಉಳಿಯುತ್ತದೆ. ಅದು ಸ್ವಲ್ಪ ಮೇಲೆ ಜಾರಿ 68ಕ್ಕೆ ಬಂದರೆ ಎರಡು ಪಟ್ಟು 136, ಏಳು ಪಟ್ಟು 476. ಹವ್ಯಾಸಿಗಳ ಎರಡೂ ಪಟ್ಟಿಗಳು ಒಂದೇ ಚಾರ್ಜರಿಗೆ ಬಲಿ. ಗುಣಮಟ್ಟದ ಮುದ್ರೆ ಇರುವ ಅಡಾಪ್ಟರ್ ಕೂಡ ಈ ಜಾಗದಲ್ಲಿ ಗದ್ದಲ ಮಾಡಬಹುದು, ಯಾವ ನಿಯಮವನ್ನೂ ಮುರಿಯದೆ. ದೀಪಗಳಿಗೆ 9 ಕಿಲೋಹರ್ಟ್ಜ್‌ನಿಂದಲೇ ಬೇರೆ ಮಿತಿ ಇದೆಯಾದರೂ ಅಂಗಡಿಯಲ್ಲಿ ಸಿಗುವ ಹೆಸರಿಲ್ಲದ ಎಲ್‌ಇಡಿ ಬಲ್ಬ್ ಅದನ್ನು ಪಾಲಿಸಿದೆ ಎಂದು ನಂಬಿ ಕೂರುವಂತಿಲ್ಲ.

ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಮತ್ತು ದೀಪದ ಡಿಮ್ಮರ್‌ಗಳದು ಒರಟು, ಸಮತಾಳದ ಬುರ್ರ್. ಸೆಕೆಂಡಿಗೆ ನೂರು ಸಲ ಕರೆಂಟನ್ನು ಅರ್ಧದಲ್ಲಿ ಕಚ್ಚಿ ಬಿಡುವುದರಿಂದ ಆ ಸದ್ದು. ಮೀಡಿಯಂ ವೇವ್‌ನಲ್ಲಿ ಜೋರು, ಮೇಲಕ್ಕೆ ಹೋದಂತೆ ಕ್ಷೀಣ. ಗುಬ್ಬಿಯನ್ನು ತಿರುಗಿಸಿದರೆ ಸದ್ದೂ ಬದಲಾಗುತ್ತದೆ, ಆದ್ದರಿಂದ ಪತ್ತೆಗೆ ತ್ರಾಸಿಲ್ಲ.

ವಿದ್ಯುತ್ ಕಂಬದ ಕಿಡಿಯದು ಬೇರೆ ಜಾತಿ. ಸಡಿಲಾದ ಬೋಲ್ಟ್, ಬಿರುಕುಬಿಟ್ಟ ಇನ್ಸುಲೇಟರ್, ಜಾರಿದ ಬೈಂಡಿಂಗ್ ತಂತಿ ಇರುವಲ್ಲಿ ವೋಲ್ಟೇಜ್ ಏರಿಳಿತದ ಪ್ರತಿ ತುದಿಯಲ್ಲೂ ಸಣ್ಣ ಕಿಡಿ ಹಾರುತ್ತದೆ, 50 ಹರ್ಟ್ಜ್ ಮೇನ್ಸ್‌ನಲ್ಲಿ ಸೆಕೆಂಡಿಗೆ ನೂರು ಗೊಂಚಲು. ಗದ್ದಲವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಆಡಾಸಿಟಿಯಂಥ ತಂತ್ರಾಂಶದಲ್ಲಿ ಹಿಗ್ಗಿಸಿ ನೋಡಿ. 10 ಮಿಲಿಸೆಕೆಂಡಿಗೊಮ್ಮೆ ಚೂಪು ಗೊಂಚಲುಗಳು ಕಂಡರೆ ಮೇನ್ಸ್‌ಗೆ ನಂಟಿದೆ. ಸ್ವಿಚ್‌ಮೋಡ್ ಸಪ್ಲೈಗಳಲ್ಲೂ ಇದೇ ನೂರರ ತಾಳ ಇರಬಹುದು. ವ್ಯತ್ಯಾಸ ಹರವಿನಲ್ಲಿದೆ: ಸಪ್ಲೈಯ ಗದ್ದಲ ಉಬ್ಬುತಗ್ಗಾಗಿ ಇರುತ್ತದೆ, ಕಿಡಿಯದು ಮೀಡಿಯಂ ವೇವ್‌ನಿಂದ ಮೇಲಿನವರೆಗೂ ಸಪಾಟಾಗಿ ಹರಡಿರುತ್ತದೆ. ಹವೆಯೂ ಸಾಕ್ಷಿ ಹೇಳುತ್ತದೆ. ಒಣಗಾಳಿಯಲ್ಲಿ ಜೋರಾಗಿದ್ದು ನಾಲ್ಕು ಹನಿ ಮಳೆ ಬಿದ್ದೊಡನೆ ಸುಮ್ಮನಾದರೆ ಅದು ಬಹುತೇಕ ಕಂಬದ ಸಡಿಲ ಕೀಲು. ಮಳೆ, ಮಂಜಿನಲ್ಲೇ ಹೆಚ್ಚಾಗುವುದು ಹೈಟೆನ್ಷನ್ ತಂತಿಗಳ ಕರೋನಾ. ಮೊದಲನೆಯದನ್ನು ರಿಪೇರಿ ಮಾಡಬಹುದು, ಎರಡನೆಯದಕ್ಕೆ ಆಂಟೆನಾವನ್ನು ದೂರ ಒಯ್ಯುವುದೊಂದೇ ದಾರಿ.

ಹಳ್ಳಿಯ ಗದ್ದಲಕ್ಕೆ ಗಡಿಯಾರವೇ ಕೀಲಿಕೈ. ನಿರಂತರ ಜ್ಯೋತಿ ಯೋಜನೆ ಬಂದ ಊರುಗಳಲ್ಲಿ ಮನೆಗಳ ಲೈನ್ ಬೇರೆ, ನೀರಾವರಿ ಪಂಪ್‌ಸೆಟ್‌ಗಳ ಲೈನ್ ಬೇರೆ. ಪಂಪ್‌ಸೆಟ್‌ಗೆ ಥ್ರೀ ಫೇಸ್ ಕೊಟ್ಟ ಹೊತ್ತಿನಲ್ಲಿ ಮಾತ್ರ ಗದ್ದಲ ಬಂದು, ತೆಗೆದಾಗ ಹೋಗುತ್ತಿದ್ದರೆ ಊರೊಳಗೆ ಹುಡುಕುವುದು ವ್ಯರ್ಥ. ತೋಟದ ಕಡೆಯ ಕಂಬಗಳ ಸಾಲನ್ನು ಹಿಡಿದು ನಡೆಯಬೇಕು. ಬೆಳಕು ಹರಿದಾಗ ಶುರುವಾಗಿ ಸಂಜೆಗೆ ಅಡಗುವುದು ಚಾವಣಿಯ ಸೋಲಾರ್ ಇನ್ವರ್ಟರ್, ಮೋಡ ಅಡ್ಡ ಬಂದಾಗ ಅದರ ಸದ್ದು ಬದಲಾಗುವುದೂ ಉಂಟು. ಮುಸ್ಸಂಜೆಗೆ ಹುಟ್ಟಿ ಬೆಳಗಿನ ಜಾವ ಸಾಯುವುದು ಬೀದಿದೀಪ. ಮಲೆನಾಡಿನ ತೋಟಗಳಲ್ಲಿ ಆನೆ, ಹಂದಿಗೆಂದು ಹಾಕಿದ ಸೋಲಾರ್ ಬೇಲಿ ಸುಮಾರು ಸೆಕೆಂಡಿಗೊಂದರಂತೆ ಟಕ್, ಟಕ್ ಎನ್ನುತ್ತದೆ, ಹಗಲು ರಾತ್ರಿ, ಕರೆಂಟ್ ಇರಲಿ ಬಿಡಲಿ. ಬೇಲಿ ಸರಿಯಾಗಿದ್ದರೆ ಆ ಸದ್ದು ಅಷ್ಟು ದೂರ ಬರುವುದಿಲ್ಲ. ಜೋರಾಗಿದೆ ಎಂದರೆ ಎಲ್ಲೋ ಬಳ್ಳಿ ತಂತಿಗೆ ತಾಗಿ ಕಿಡಿ ಹಾರುತ್ತಿದೆ, ಅಥವಾ ತಂತಿಯ ಗಂಟು ಸಡಿಲಾಗಿದೆ. ಅದು ಬೇಲಿಯ ಯಜಮಾನರಿಗೂ ನಷ್ಟ, ಏಕೆಂದರೆ ಅಲ್ಲಿಂದ ಮುಂದಕ್ಕೆ ಬೇಲಿಗೆ ಶಕ್ತಿ ಸಾಲುವುದಿಲ್ಲ. ಹೇಳಿದರೆ ಅವರೇ ಬಂದು ಸರಿಮಾಡುತ್ತಾರೆ.

ಕೆಲವು ಸದ್ದುಗಳು ಗದ್ದಲವೇ ಅಲ್ಲ, ಬೇರೆಯವರ ಅಧಿಕೃತ ಸಂಕೇತ. ವಿದ್ಯುತ್ ಪ್ರಸರಣದ ಹೈಟೆನ್ಷನ್ ಮಾರ್ಗಗಳಲ್ಲಿ ಸಬ್‌ಸ್ಟೇಷನ್‌ಗಳು ಪರಸ್ಪರ ಮಾತಾಡಲು ಆ ತಂತಿಯ ಮೇಲೆಯೇ ಹತ್ತಾರು ಕಿಲೋಹರ್ಟ್ಜ್‌ನಿಂದ ಸುಮಾರು 500 ಕಿಲೋಹರ್ಟ್ಜ್‌ವರೆಗಿನ ಸಂಕೇತ ಹರಿಸುವ ಪಿಎಲ್‌ಸಿಸಿ ಎಂಬ ವ್ಯವಸ್ಥೆ ಇದೆ. ಸಬ್‌ಸ್ಟೇಷನ್‌ನಲ್ಲಿ ತಂತಿಗೆ ಸರಣಿಯಾಗಿ ತೂಗುವ ಪೀಪಾಯಿಯಾಕಾರದ ವೇವ್ ಟ್ರ್ಯಾಪ್ ಅದಕ್ಕೇ ಸೇರಿದ್ದು. ಟವರ್ ಲೈನಿನ ಬಳಿ 136 ಅಥವಾ 475ರ ಹತ್ತಿರ ಇಪ್ಪತ್ತನಾಲ್ಕು ಗಂಟೆಯೂ ಕದಲದೆ ನಿಂತ ಸ್ವಚ್ಛ ಗೆರೆ ಕಂಡರೆ ಚಾರ್ಜರುಗಳನ್ನು ಬೈಯುವ ಮೊದಲು ಇದನ್ನು ನೆನೆಯಿರಿ. 200ರಿಂದ 500 ಕಿಲೋಹರ್ಟ್ಜ್ ನಡುವೆ ಎರಡು ಮೂರು ಅಕ್ಷರಗಳ ಮೋರ್ಸ್ ಮತ್ತೆ ಮತ್ತೆ ಕೇಳಿದರೆ ಅದು ವಿಮಾನ ನಿಲ್ದಾಣದ ಬೀಕನ್. ಅದು ಕೇಳುತ್ತಿದೆ ಎಂದರೆ ನಿಮ್ಮ ರಿಸೀವರ್ ಕೆಳಗಿನ ಪಟ್ಟಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದೂ ಅರ್ಥ.

ಟ್ರಾನ್ಸಿಸ್ಟರ್ ಹಿಡಿದು ಬೀದಿಗೆ

ಮೇನ್, ಇನ್ವರ್ಟರ್ ಎರಡೂ ಆಫ್ ಆದರೂ ಗದ್ದಲ ಹೋಗಲಿಲ್ಲವೆಂದರೆ ಹೊರಗೆ ನಡೆಯುವ ಕೆಲಸ. ಸಾಮಾನ್ಯ ಮೀಡಿಯಂ ವೇವ್ ಟ್ರಾನ್ಸಿಸ್ಟರಿನ ಒಳಗಿರುವ ಫೆರೈಟ್ ಕಡ್ಡಿ ಒಳ್ಳೆಯ ದಿಕ್ಸೂಚಿ. ಪ್ರಸಾರವಿಲ್ಲದ, ಗದ್ದಲ ಸ್ಪಷ್ಟವಾಗಿ ಕೇಳುವ ಜಾಗಕ್ಕೆ ಟ್ಯೂನ್ ಮಾಡಿ, ರೇಡಿಯೊವನ್ನು ಮಟ್ಟಸವಾಗಿ ಹಿಡಿದು ನಿಧಾನವಾಗಿ ಸುತ್ತಿ. ಸದ್ದು ಹೆಚ್ಚಾಗುವ ದಿಕ್ಕನ್ನು ಹುಡುಕಬೇಡಿ, ಅದು ಅಗಲವಾಗಿದ್ದು ಮೋಸ ಮಾಡುತ್ತದೆ. ಸದ್ದು ತಟ್ಟನೆ ಕುಸಿಯುವ ಬಿಂದುವನ್ನು ಹುಡುಕಿ, ಅದು ಕೆಲವೇ ಡಿಗ್ರಿಗಳಷ್ಟು ಚೂಪು. ಆಗ ಕಡ್ಡಿಯ ತುದಿ ಮೂಲದ ಕಡೆಗೆ ಇರುತ್ತದೆ. ಯಾವ ತುದಿ ಎಂಬುದನ್ನು ಅದು ಹೇಳುವುದಿಲ್ಲ, ಮುಂದೆಯೋ ಹಿಂದೆಯೋ ಎರಡೂ ಸಾಧ್ಯ. ಆ ಗೆರೆಯನ್ನು ಮೊಬೈಲ್ ನಕ್ಷೆಯ ಮೇಲೆ ಗುರುತಿಸಿ, ನೂರು ಹೆಜ್ಜೆ ಪಕ್ಕಕ್ಕೆ ಹೋಗಿ ಇನ್ನೊಮ್ಮೆ ತೆಗೆದರೆ ಗೆರೆಗಳು ಕತ್ತರಿಸುವ ಕಡೆ ಮೂಲ.

ಬಯಲಿನಲ್ಲಿ ಇದು ಸೊಗಸಾಗಿ ನಡೆಯುತ್ತದೆ. ಮನೆಯೊಳಗೆ, ಕಂಬದ ತಂತಿಯ ಕೆಳಗೆ, ಕಬ್ಬಿಣದ ಗೇಟಿನ ಬಳಿ ನಡೆಯುವುದಿಲ್ಲ, ಅಲ್ಲಿ ಪ್ರತಿ ತಂತಿಯೂ ಗದ್ದಲವನ್ನು ಹೊತ್ತು ಮತ್ತೆ ಉಗುಳುತ್ತಿರುತ್ತದೆ. ಕೆಳಗಿನ ಫ್ರೀಕ್ವೆನ್ಸಿಯ ಕಿಡಿಯ ಸದ್ದು ಲೈನಿನ ಗುಂಟ ಕಿಲೋಮೀಟರುಗಟ್ಟಲೆ ಹರಿಯುತ್ತದೆ. 80 ಮೀಟರಿನಲ್ಲಿ ಕೇಳುತ್ತ ನಡೆದರೆ ಒಂದು ಕಂಬದ ಹತ್ತಿರ ಏರುತ್ತದೆ, ಮುಂದೆ ಇಳಿಯುತ್ತದೆ, ಮತ್ತೆ ಏರುತ್ತದೆ, ಯಾವ ಕಂಬ ಎಂದು ಹೇಳಲಾಗದು. ಆದ್ದರಿಂದ ಹತ್ತಿರವಾದಂತೆ ಮೇಲಿನ ಫ್ರೀಕ್ವೆನ್ಸಿಗೆ ಹೋಗಬೇಕು. ಮೀಡಿಯಂ ವೇವ್‌ನಲ್ಲಿ ಬಡಾವಣೆಯನ್ನು ಗುರುತಿಸಿ, 10ರಿಂದ 30 ಮೆಗಾಹರ್ಟ್ಜ್‌ನಲ್ಲಿ ಬೀದಿಯನ್ನು, 120-150 ಮೆಗಾಹರ್ಟ್ಜ್ ಸುತ್ತಲಿನ ಖಾಲಿ ಜಾಗದಲ್ಲಿ ಕಂಬವನ್ನು. ಎಷ್ಟು ಎತ್ತರದ ಫ್ರೀಕ್ವೆನ್ಸಿಯವರೆಗೆ ಅದು ಕೇಳುತ್ತದೋ ಅಷ್ಟು ಹತ್ತಿರ ಬಂದಿದ್ದೀರಿ. ಇಡೀ ಹುಡುಕಾಟದಲ್ಲಿ ಎಎಮ್ ಮೋಡ್ ಇರಬೇಕು. ಎಫ್‌ಎಮ್ ರಿಸೀವರ್ ಇಂಥ ಗದ್ದಲದ ಏರಿಳಿತವನ್ನು ಸವರಿಹಾಕಿಬಿಡುತ್ತದೆ. 2 ಮೀಟರಿನ ಮೂರು ಕಡ್ಡಿಯ ಪುಟ್ಟ ಯಾಗಿ ಆಂಟೆನಾ ಇದ್ದರೆ ಕೊನೆಯ ಐವತ್ತು ಅಡಿ ಸುಲಭ.

ಕಂಬ ಸಿಕ್ಕಿದ ಮೇಲೆ ಅದನ್ನು ಮುಟ್ಟಬೇಡಿ. ಗುದ್ದುವುದು, ಅಲ್ಲಾಡಿಸುವುದು, ಸ್ಟೇ ತಂತಿ ಜಗ್ಗುವುದು ಪ್ರಾಣಕ್ಕೆ ಅಪಾಯ. ಸಡಿಲಾದದ್ದು ಏನೆಂದು ನಿಮಗೆ ತಿಳಿಯದು, ಅದು ತಲೆಯ ಮೇಲೆ ಬೀಳಬಹುದು. ಕಂಬದ ಸಂಖ್ಯೆ, ಹತ್ತಿರದ ಟ್ರಾನ್ಸ್‌ಫಾರ್ಮರಿನ ಗುರುತು, ದೂರದಿಂದ ತೆಗೆದ ಫೋಟೊ ಇಟ್ಟುಕೊಂಡು ವಿದ್ಯುತ್ ಸಹಾಯವಾಣಿ 1912ಕ್ಕೆ ದೂರು ಕೊಡಿ. ರೇಡಿಯೊಗೆ ತೊಂದರೆ ಎಂದರೆ ತುರ್ತು ಯಾರಿಗೂ ತಟ್ಟುವುದಿಲ್ಲ. ಈ ಕಂಬದಲ್ಲಿ ಕಿಡಿ ಹಾರುತ್ತಿದೆ, ಇನ್ಸುಲೇಟರ್ ಅಥವಾ ಬೈಂಡಿಂಗ್ ನೋಡಿ ಎಂದರೆ ಲೈನ್‌ಮನ್‌ಗೆ ವಿಷಯ ತಕ್ಷಣ ಅರ್ಥವಾಗುತ್ತದೆ, ಅದು ಸತ್ಯವೂ ಹೌದು. ಇವತ್ತು ಕಿಡಿ ಹಾರುವ ಕಂಬ ನಾಳೆ ತಂತಿ ಬೀಳುವ ಕಂಬ ಆಗಬಹುದು. ಲೈನ್‌ಮನ್ ಬಂದ ದಿನ ರೇಡಿಯೊ ಹಿಡಿದು ಜೊತೆಗೆ ನಿಂತು ಸದ್ದು ಕೇಳಿಸಿ, ಕೆಲಸವಾದ ಮೇಲೂ ಕೇಳಿಸಿ.

ಪಕ್ಕದ ಮನೆಯ ಬಾಗಿಲು ತಟ್ಟುವಾಗ

ಹುಡುಕಾಟದ ಕಷ್ಟದ ಭಾಗ ಇದು. ನಿಮ್ಮ ಮನೆಯ ವಸ್ತುಗಳನ್ನೆಲ್ಲ ಸ್ವಚ್ಛ ಮಾಡಿಕೊಳ್ಳದೆ ಹೋಗಬೇಡಿ. ರಾತ್ರಿ ಹೋಗಬೇಡಿ. “ನಿಮ್ಮ ಇನ್ವರ್ಟರ್ ಸರಿಯಿಲ್ಲ” ಎಂದು ಶುರು ಮಾಡಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. “ಸಾರ್, ನನ್ನ ರೇಡಿಯೊಗೆ ಎಲ್ಲಿಂದಲೋ ಸದ್ದು ಬರ್ತಾ ಇದೆ. ನಮ್ಮನೇದೆಲ್ಲ ನೋಡಿ ಆಯ್ತು. ನಿಮಗೆ ಅನುಕೂಲ ಆದಾಗ ಒಂದೈದು ನಿಮಿಷ ಮೇನ್ ಆಫ್ ಮಾಡಿ ನೋಡಬಹುದಾ?” ಎಂದರೆ ಬಹಳಷ್ಟು ಜನ ಕುತೂಹಲದಿಂದಲೇ ಒಪ್ಪುತ್ತಾರೆ. ಟ್ರಾನ್ಸಿಸ್ಟರನ್ನು ಅವರ ಕೈಗೇ ಕೊಡಿ. ತಮ್ಮ ಬಾಲ್ಕನಿಯ ದೀಪದ ಹತ್ತಿರ ಹೋದಾಗ ಗರ್ ಎಂದು, ಸ್ವಿಚ್ ತೆಗೆದಾಗ ನಿಂತದ್ದನ್ನು ಅವರೇ ಕೇಳಿದರೆ ವಾದಕ್ಕೆ ಜಾಗವಿಲ್ಲ. ಆಮೇಲೆ ಒಳ್ಳೆಯ ಕಂಪನಿಯ ಒಂದು ಬಲ್ಬ್ ಅಥವಾ ಅಡಾಪ್ಟರನ್ನು ನೀವೇ ತಂದುಕೊಡಿ. ಆಂಟೆನಾ, ಫಿಲ್ಟರ್‌ಗಳಿಗೆ ಹೋಗುವ ಹಣದ ಮುಂದೆ ಅದು ಏನೂ ಅಲ್ಲ, ನೆರೆಹೊರೆಯ ಸ್ನೇಹವೂ ಉಳಿಯುತ್ತದೆ. ಅವರ ಉಪಕರಣವನ್ನು ಬಿಚ್ಚಿ ಸರಿಮಾಡಲು ಮಾತ್ರ ಹೋಗಬೇಡಿ. ಸ್ವಿಚ್‌ಮೋಡ್ ಸಪ್ಲೈ ಒಳಗಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ 300 ವೋಲ್ಟ್‌ಗಿಂತ ಹೆಚ್ಚು ಹಿಡಿದಿಟ್ಟಿರಬಹುದು.

ತೆಗೆಯಲಾಗದ ಗದ್ದಲಕ್ಕೆ

ಮೂಲವನ್ನೇ ಬದಲಿಸುವುದು ಯಾವತ್ತೂ ಮೊದಲ ಆಯ್ಕೆ. ಬದಲಿಸಲಾಗದ ಕಡೆ ಫೆರೈಟ್. ಇಲ್ಲಿ ತುಂಬ ಹಣ ಪೋಲಾಗುತ್ತದೆ. ಕೇಬಲ್ ಮೇಲೆ ಕ್ಲಿಪ್ ಮಾಡುವ ಪುಟ್ಟ ಮಣಿಗಳು ಎಫ್‌ಎಮ್, ಟಿವಿ ಫ್ರೀಕ್ವೆನ್ಸಿಗಳಿಗೆ ತಯಾರಾದವು. 3.5 ಮೆಗಾಹರ್ಟ್ಜ್‌ನಲ್ಲಿ ಒಂದೇ ಮಣಿ ಒಂದೇ ಸುತ್ತಿಗೆ ಹೆಚ್ಚೇನೂ ಮಾಡದು, 136 ಕಿಲೋಹರ್ಟ್ಜ್‌ನಲ್ಲಿ ಏನೇನೂ ಮಾಡದು. ಕೆಳಗಿನ ಬ್ಯಾಂಡಿಗೆ ದೊಡ್ಡ ಉಂಗುರ ಬೇಕು, ಅದರೊಳಗೆ ತಂತಿಯನ್ನು ಹಲವು ಸುತ್ತು ಸುತ್ತಬೇಕು. ಇಂಡಕ್ಟೆನ್ಸ್ ಸುತ್ತುಗಳ ವರ್ಗದಂತೆ ಏರುವುದರಿಂದ ಹತ್ತು ಸುತ್ತು ಹಾಕಿದರೆ ಒಂದರ ನೂರು ಪಟ್ಟು. 160, 80 ಮೀಟರಿಗೆ 31ನೇ ಮಿಶ್ರಣದ 2.4 ಇಂಚು ಉಂಗುರ ಒಳ್ಳೆಯದು. 500 ಕಿಲೋಹರ್ಟ್ಜ್‌ಗಿಂತ ಕೆಳಗೆ 75 ಅಥವಾ 77ನೇ ಮಿಶ್ರಣ ಹುಡುಕಿ. ಗದ್ದಲ ಮಾಡುವ ವಸ್ತುವಿಗೆ ಅಂಟಿದಂತೆ ಉಂಗುರ ಇರಬೇಕು, ಅಡಾಪ್ಟರ್ ಆದರೆ ಮೇನ್ಸ್ ಕಡೆ ಒಂದು, ಡಿಸಿ ಕಡೆ ಒಂದು.

ಆಂಟೆನಾವನ್ನು ಮನೆಯಿಂದ ಹತ್ತು ಮೀಟರ್ ಆಚೆ ಒಯ್ದರೆ ಸಿಗುವ ಲಾಭ ಯಾವ ಫಿಲ್ಟರಿನಿಂದಲೂ ಸಿಗುವುದಿಲ್ಲ. ಆದರೆ ಕೋಆಕ್ಸ್ ಕೇಬಲಿನ ಹೊರ ಜಾಲರಿ ಮನೆಯ ಗದ್ದಲವನ್ನು ಆಂಟೆನಾವರೆಗೆ ಹೊತ್ತೊಯ್ದರೆ ಆ ದೂರ ದಂಡ. ಚಿಕ್ಕ ಆಕ್ಟಿವ್ ವಿಪ್ ಆಂಟೆನಾಗಳು ಗದ್ದಲದ ಮನೆಯಲ್ಲಿ ಸೋಲುವುದು ಬಹುಪಾಲು ಇದರಿಂದಲೇ. ಕೇಬಲ್ ಮನೆ ಸೇರುವ ಮುನ್ನ ಫೆರೈಟ್ ಉಂಗುರದಲ್ಲಿ ಸುತ್ತಿ, ಆಂಟೆನಾದ ಬುಡದಲ್ಲಿ ಅದಕ್ಕೆಂದೇ ಅರ್ತ್ ರಾಡ್ ನೆಟ್ಟು ಜಾಲರಿಯನ್ನು ಕಟ್ಟಿ. ಕೆಳಗಿನ ಎರಡು ಪಟ್ಟಿಗಳಿಗೆ ರಿಸೀವರ್ ಬಳಿ ಒಂದಕ್ಕೊಂದು ಅನುಪಾತದ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಸೇರಿಸಿ, ಆಂಟೆನಾ ಕಡೆಯ ಜಾಲರಿಗೂ ಮನೆಯ ಅರ್ತಿಗೂ ನೇರ ಸಂಪರ್ಕ ಇಲ್ಲದಂತೆ ನೋಡಿಕೊಳ್ಳಿ. ಒಂದು ಮೀಟರ್ ವ್ಯಾಸದ ಸುತ್ತುವ ಲೂಪ್ ಆಂಟೆನಾ ಇದ್ದರೆ ಫೆರೈಟ್ ಕಡ್ಡಿಯ ಹಾಗೆಯೇ ಅದರ ಮೌನದ ದಿಕ್ಕನ್ನು ಮೂಲದತ್ತ ತಿರುಗಿಸಬಹುದು. ಮೂಲ ಒಂದೇ ಕಡೆ ಇದ್ದರೆ ಇದು ತುಂಬ ಚೆನ್ನಾಗಿ ಕೆಲಸ ಮಾಡುತ್ತದೆ, ಸುತ್ತೆಲ್ಲ ಹರಡಿದ್ದರೆ ಇಲ್ಲ.

ಫೇಸಿಂಗ್ ಯೂನಿಟ್ ಕೂಡ ಒಂದೇ ಜೋರಾದ ಮೂಲಕ್ಕೆ ಸರಿ. ಎರಡನೆಯ ಚಿಕ್ಕ ಆಂಟೆನಾವನ್ನು ಗದ್ದಲದ ಹತ್ತಿರ ಇಟ್ಟು, ಅದರಿಂದ ಬಂದದ್ದನ್ನು ಮುಖ್ಯ ಆಂಟೆನಾದ ಗದ್ದಲಕ್ಕೆ ಸಮ ಬಲದಲ್ಲಿ, ವಿರುದ್ಧ ಫೇಸ್‌ನಲ್ಲಿ ಸೇರಿಸುವ ಪೆಟ್ಟಿಗೆ ಅದು. ಮೊದಲು ಎರಡೂ ಆಂಟೆನಾಗಳಲ್ಲಿ ಗದ್ದಲವನ್ನು ಬೇರೆ ಬೇರೆಯಾಗಿ ಕೇಳಿ, ಎಸ್-ಮೀಟರಿನಲ್ಲಿ ಒಂದೇ ಮಟ್ಟಕ್ಕೆ ತನ್ನಿ, ಆಮೇಲೆ ಫೇಸ್ ಗುಬ್ಬಿಯನ್ನು ಸದ್ದು ಕುಸಿಯುವವರೆಗೆ ನಿಧಾನವಾಗಿ ತಿರುಗಿಸಿ, ಮತ್ತೆ ಮಟ್ಟವನ್ನು ತುಸು ಸರಿಪಡಿಸಿ. ಬ್ಯಾಂಡ್ ಬದಲಿಸಿದಾಗೆಲ್ಲ ಇದನ್ನು ಹೊಸದಾಗಿ ಮಾಡಬೇಕಾಗುತ್ತದೆ, ಆದ್ದರಿಂದ ಪ್ರತಿ ಬ್ಯಾಂಡಿನ ಗುಬ್ಬಿಗಳ ಸ್ಥಾನವನ್ನು ಹುಡುಕಾಟದ ಅದೇ ನೋಟ್‌ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.